ಅಪ್ಪನಿಗೆ ಲಿವರ್ ಕ್ಯಾನ್ಸರ್ ಇತ್ತು, ನನಗೂ ಬರುತ್ತಾ?

ಅಪ್ಪ, ಚಿಕ್ಕಪ್ಪ ಇಬ್ಬರೂ ಲಿವರ್ ಕ್ಯಾನ್ಸರ್‌ನಿಂದ ತೀರಿಕೊಂಡರು, ಇದು ವಂಶದಲ್ಲಿ ಬರುತ್ತಾ, ಜೀನ್ ಟೆಸ್ಟ್ ಮಾಡಿಸಲಾ ಅಂತ ಕೇಳಿದ್ದೀರಿ. ನಾನು ತುಮಕೂರಿನ ಒಂದು ಲ್ಯಾಬ್‌ನಲ್ಲಿ ಕೆಲಸ ಮಾಡುವವನು, ಡಾಕ್ಟರಲ್ಲ. ನನ್ನ ಮಾತು ಕೇಳುವುದಾದರೆ ಆ ದುಡ್ಡು ಸದ್ಯಕ್ಕೆ ಇಟ್ಟುಕೊಳ್ಳಿ. ಮೊದಲು ಹೆಪಟೈಟಿಸ್ ಬಿ ಮತ್ತು ಸಿ (ಲಿವರ್‌ಗೆ ಹತ್ತುವ ಎರಡು ವೈರಸ್) ರಕ್ತಪರೀಕ್ಷೆ ಮಾಡಿಸಿ.

ಜೀನ್ ಕೆಟ್ಟೇ ಈ ಕ್ಯಾನ್ಸರ್ ಬರುವುದು, ಅದು ನಿಜ. ಆದರೆ ಬಹಳಷ್ಟು ಜನರಲ್ಲಿ ಹುಟ್ಟುವಾಗ ಆ ಜೀನ್‌ಗಳು ಸರಿಯಾಗಿಯೇ ಇರುತ್ತವೆ. ಆಮೇಲೆ ಲಿವರ್‌ನ ಜೀವಕೋಶಗಳಲ್ಲಿ ಮಾತ್ರ ಕೆಡುತ್ತವೆ. ಹಾಗೆ ಕೆಟ್ಟದ್ದು ಮಕ್ಕಳಿಗೆ ದಾಟುವುದಿಲ್ಲ. ಸುಮಾರು ಅರ್ಧದಷ್ಟು ಗಡ್ಡೆಗಳಲ್ಲಿ ಟರ್ಟ್ ಅನ್ನುವ ಜೀನಿನ ಸ್ವಿಚ್ ಬದಲಾಗಿರುತ್ತದೆ. ದೊಡ್ಡವರ ಲಿವರ್‌ನಲ್ಲಿ ಅದು ಆಫ್ ಆಗಿರಬೇಕು. ಆನ್ ಆದರೆ ಜೀವಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಮಿತಿಯಿಲ್ಲದೆ ಹೆಚ್ಚುತ್ತಾ ಹೋಗುತ್ತದೆ. ಹೆಪಟೈಟಿಸ್ ಬಿ ವೈರಸ್ ತನ್ನ ಡಿಎನ್‌ಎ ತುಣುಕನ್ನು ನಮ್ಮ ಡಿಎನ್‌ಎ ಒಳಗೇ ತೂರಿಸುತ್ತದೆ, ಕೆಲವು ಸಲ ಇದೇ ಜೀನಿನ ಪಕ್ಕದಲ್ಲಿ.

ಅಣ್ಣತಮ್ಮ ಇಬ್ಬರಿಗೂ ಬಂದಿದೆ ಅಂದಾಗ ನನಗೆ ಮೊದಲು ಅನುಮಾನ ಬರುವುದು ಈ ವೈರಸ್ ಮೇಲೆ. ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಹತ್ತಿದರೆ, ನೂರಕ್ಕೆ ಸುಮಾರು 90 ಮಕ್ಕಳಲ್ಲಿ ಜೀವನಪೂರ್ತಿ ಉಳಿದುಬಿಡುತ್ತದೆ. ನಿಮ್ಮ ಅಜ್ಜಿಗೆ ಇದ್ದಿರಬಹುದು, ಅವರಿಗೇ ಗೊತ್ತಿಲ್ಲದೆ. ಹೊರಗಿನಿಂದ ನೋಡಿದವರಿಗೆ ವಂಶದ ಕಾಯಿಲೆ ಅನ್ನಿಸುತ್ತದೆ, ಅಲ್ವಾ?

ನಿಮ್ಮೂರು ಪಾವಗಡ ಕಡೆ ಅಂದಿರಿ, ಹಾಗಾಗಿ ಕಡಲೆಕಾಯಿ ವಿಷಯ ಹೇಳಲೇಬೇಕು. ಸರಿಯಾಗಿ ಒಣಗದ ಕಾಯಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಅನ್ನುವ ವಿಷ ಸೇರಬಹುದು. ಹುರಿದರೂ ಪೂರ್ತಿ ಹೋಗುವುದಿಲ್ಲ. ಕ್ಯಾನ್ಸರ್ ತಡೆಯುವ ಟಿಪಿ53 ಅನ್ನುವ ಜೀನಿನ 249ನೇ ಜಾಗದಲ್ಲಿ ಇದು ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಿಸುತ್ತದೆ, ಜಿ ಇದ್ದಲ್ಲಿ ಟಿ. ಚೀನಾದ ಚಿಡಾಂಗ್ ಮತ್ತು ದಕ್ಷಿಣ ಆಫ್ರಿಕಾ ಭಾಗದ ರೋಗಿಗಳಲ್ಲಿ ಇದೇ ಗುರುತು ಮತ್ತೆ ಮತ್ತೆ ಸಿಕ್ಕಿದ್ದು 1991ರಲ್ಲಿ ಪ್ರಕಟವಾಯಿತು. ವಿಷವೊಂದು ಜೀನಿನ ಮೇಲೆ ಹೀಗೆ ಸಹಿ ಹಾಕಿ ಹೋಗುವುದು ಅಪರೂಪ. ವೈರಸ್ಸೂ ಇದೂ ಸೇರಿದರೆ ಅಪಾಯ ಎಷ್ಟೋ ಪಟ್ಟು ಜಾಸ್ತಿ. ನಮ್ಮ ಮನೆಗಳಲ್ಲಿ ಒಳ್ಳೇ ಕಾಯಿ ಮಂಡಿಗೆ, ಮುರುಟಿದ್ದು ಚಟ್ನಿಗೆ ಅನ್ನುವ ಪದ್ಧತಿ ಇದೆ ನೋಡಿ, ಅದು ನನಗೆ ಸುತರಾಂ ಇಷ್ಟವಿಲ್ಲ. ದನಕ್ಕೆ ಹಾಕಿದರೂ ಹಾಲಿನಲ್ಲಿ ಬರುತ್ತದೆ.

ಹುಟ್ಟಿನಿಂದಲೇ ಬರುವ ಜೀನ್‌ಗಳೂ ಇವೆ. ಪಿಎನ್‌ಪಿಎಲ್‌ಎ3 ಜೀನಿನ ಒಂದು ರೂಪ ಇದ್ದವರಿಗೆ ಲಿವರ್‌ನಲ್ಲಿ ಕೊಬ್ಬು ಬೇಗ ಸೇರುತ್ತದೆ. ಕುಡಿತವೋ ಬೊಜ್ಜೋ ಜೊತೆಗಿದ್ದರೆ ಸಿರೋಸಿಸ್ಸಿನ, ಅಂದರೆ ಲಿವರ್ ಗಾಯಗಟ್ಟಿ ಗಟ್ಟಿಯಾಗುವ ಕಾಯಿಲೆಯ, ಅಪಾಯ ಹೆಚ್ಚು. ಆದರೆ ಕೋಟ್ಯಂತರ ಜನರಲ್ಲಿ ಅದು ಇದೆ, ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದಿಲ್ಲ.

ಅಪ್ಪನ ಹಳೇ ಫೈಲಿನಲ್ಲಿ ಎಚ್‌ಬಿಎಸ್‌ಎಜಿ ಪಾಸಿಟಿವ್ (ಅಂದರೆ ಹೆಪಟೈಟಿಸ್ ಬಿ ಇತ್ತು) ಅಂತ ಇದೆಯಾ ಹುಡುಕಿ. ಇದ್ದರೂ ಇಲ್ಲದಿದ್ದರೂ ನೀವು, ನಿಮ್ಮ ಒಡಹುಟ್ಟಿದವರು, ಚಿಕ್ಕಪ್ಪನ ಮಕ್ಕಳು ಎಲ್ಲರೂ ಟೆಸ್ಟ್ ಮಾಡಿಸಿ. ಹೆಪಟೈಟಿಸ್ ಬಿ ಇಲ್ಲ, ಹಿಂದೆ ಅದರ ಲಸಿಕೆಯೂ ಆಗಿಲ್ಲ ಅಂದರೆ ಮೂರು ಡೋಸ್ ಲಸಿಕೆ ಹಾಕಿಸಿಕೊಳ್ಳಿ. ಇದ್ದರೆ ಗಾಬರಿ ಬೇಡ, ಮಾತ್ರೆ ಇದೆ. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಬೇಕಾ ಅಂತ ಲಿವರ್ ಡಾಕ್ಟರ್ ಹೇಳುತ್ತಾರೆ. ಮನೆಯಲ್ಲಿ ಯಾರಾದರೂ ಬಸುರಿ ಇದ್ದರೆ ಅವರ ಟೆಸ್ಟ್ ಮೊದಲು ಆಗಲಿ. ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಬೀಳಬೇಕು.