ಪೆಟ್ರೋಲ್ ಮುಳ್ಳು ಸುಳ್ಳು ತೋರಿಸ್ತಿದೆ, ವಾರಂಟಿ ಸಿಗುತ್ತಾ?

ಪ್ರಶ್ನೆ: ಕಾರು ತಗೊಂಡು ಒಂದೂವರೆ ವರ್ಷ ಆಗಿದೆ ಸರ್, ಫುಲ್ ಟ್ಯಾಂಕ್ ಹಾಕಿಸಿದ್ರೂ ಮುಳ್ಳು ಒಮ್ಮೊಮ್ಮೆ ಅರ್ಧಕ್ಕೇ ನಿಲ್ಲುತ್ತೆ, ಇದ್ದಕ್ಕಿದ್ದ ಹಾಗೆ ಖಾಲಿ ಅಂತಾನೂ ತೋರಿಸುತ್ತೆ. ಸರ್ವಿಸ್ ಸೆಂಟರ್‌ಗೆ ಎರಡು ಸಲ ಹೋದೆ, ಅಲ್ಲಿ ಸರಿಯಾಗೇ ಇತ್ತು, ‘ಏನೂ ತೊಂದ್ರೆ ಇಲ್ಲ’ ಅಂತ ಕಳಿಸಿಬಿಟ್ರು. ವಾರಂಟಿ ಇನ್ನೂ ಇದೆ, ಏನು ಮಾಡ್ಲಿ?

ಉತ್ತರ: ನಿಮ್ಮ ಬೇಜಾರು ಅರ್ಥ ಆಗುತ್ತೆ, ಬಂದು ಹೋಗೋ ತೊಂದ್ರೆ ತೋರಿಸೋದೇ ಕಷ್ಟ. ಟ್ಯಾಂಕ್ ಒಳಗೆ ಒಂದು ತೇಲೋ ಫ್ಲೋಟ್ ಇರುತ್ತೆ, ಅದು ಏರಿಳಿದ ಹಾಗೆ ಸೆಂಡರ್ ಯುನಿಟ್‌ನ (ಪೆಟ್ರೋಲ್ ಎಷ್ಟಿದೆ ಅಂತ ಮುಳ್ಳಿಗೆ ತಿಳಿಸೋ ಭಾಗ) ರೆಸಿಸ್ಟೆನ್ಸ್, ಅಂದ್ರೆ ಕರೆಂಟ್‌ಗೆ ಒಡ್ಡೋ ತಡೆ, ಬದಲಾಗಿ ಮುಳ್ಳು ಆಡುತ್ತೆ, ಆ ಯುನಿಟ್ ಒಳಗಿನ ಕಾಂಟ್ಯಾಕ್ಟ್ ಸವೆದ್ರೆ ಅಥವಾ ಕನೆಕ್ಟರ್, ಅರ್ತ್ ವೈರ್ ಸಡಿಲ ಆದ್ರೆ ನೀವು ಹೇಳಿದ ಹಾಗೇ ಆಗುತ್ತೆ. ಮುಳ್ಳು ತಪ್ಪು ತೋರಿಸಿದಾಗ ಓಡೋಮೀಟರ್ ಕಾಣೋ ಹಾಗೆ ವಿಡಿಯೋ ಮಾಡ್ಕೊಳ್ಳಿ, ಪೆಟ್ರೋಲ್ ಬಿಲ್ ಇಟ್ಕೊಳ್ಳಿ. ಮುಖ್ಯವಾಗಿ ಬಾಯಲ್ಲಿ ಹೇಳಿ ಬರಬೇಡಿ, ಜಾಬ್ ಕಾರ್ಡಲ್ಲಿ (ಸರ್ವಿಸ್ ಸೆಂಟರ್‌ನವರು ಕಾರಿನ ಕೆಲಸ ಬರೆದುಕೊಳ್ಳೋ ಚೀಟಿ) ದೂರು ಬರೆಸಿ ಕಾಪಿ ತಗೊಳ್ಳಿ, ‘ತೊಂದ್ರೆ ಕಂಡಿಲ್ಲ’ ಅಂತ ಬರೆದ್ರೂ ಪರವಾಗಿಲ್ಲ, ವಾರಂಟಿ ಇದ್ದಾಗಲೇ ದೂರು ಕೊಟ್ಟಿದ್ದಕ್ಕೆ ಅದೇ ದಾಖಲೆ. ಹಿಂದಿನ ಎರಡು ಸಲದ್ದು ಕೂಡ ಕೇಳಿ ತಗೊಳ್ಳಿ. ಆಮೇಲೂ ಒಪ್ಪದಿದ್ರೆ ಕಂಪನಿಯ ಕಸ್ಟಮರ್ ಕೇರ್‌ಗೆ ಇಷ್ಟೂ ಸೇರಿಸಿ ಇಮೇಲ್ ಹಾಕಿ. ಹೊರಗಿನ ಮೆಕ್ಯಾನಿಕ್ ಕೈಲಿ ಮಾತ್ರ ಟ್ಯಾಂಕ್ ಬಿಚ್ಚಿಸಬೇಡಿ, ಅದನ್ನೇ ನೆಪ ಮಾಡಿ ವಾರಂಟಿ ಇಲ್ಲ ಅನ್ನಬಹುದು. ರಿಪೇರಿ ಆಗೋವರೆಗೂ ಮುಳ್ಳು ನಂಬಬೇಡಿ, ಪ್ರತಿ ಸಲ ಫುಲ್ ಮಾಡಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಿ ಕಿಲೋಮೀಟರ್ ಲೆಕ್ಕದಲ್ಲಿ ಓಡಿಸಿ, ಟ್ಯಾಂಕ್ ಒಳಗಿನ ಪಂಪ್ ತಣ್ಣಗಿರೋಕೂ ಪೆಟ್ರೋಲೇ ಬೇಕು, ಹಾಗಾಗಿ ಕಾಲು ಟ್ಯಾಂಕ್‌ಗಿಂತ ಕೆಳಗೆ ಬಿಡಬೇಡಿ.