ಬೈಕಿನ ಸ್ಪಾಟ್‌ಲೈಟಿಗೆ ಹೆಡ್‌ಲೈಟ್ ವೈರಿನಿಂದ ಕರೆಂಟ್ ಕೊಡಬಹುದೇ?

ಕೊಡಬೇಡಿ. ನಿಮ್ಮ 150 ಸಿಸಿ ಬೈಕಿಗೆ ಹಾಕಿಸಿದ 20 ವ್ಯಾಟಿನ ಎರಡು ಎಲ್‌ಇಡಿ ಲೈಟು, ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವಾಗ ಮಳೆಯಲ್ಲಿ ಮಿಣುಕುತ್ತದೆ, ಎರಡು ಸಲ ಫ್ಯೂಸ್ ಹೋಯಿತು ಎಂದಿದ್ದೀರಿ. ಲೈಟು ಕೆಟ್ಟಿರಲಿಕ್ಕಿಲ್ಲ, ಜೋಡಿಸಿದ ರೀತಿಯನ್ನೇ ಮೊದಲು ಸಂಶಯಿಸಬೇಕು. ಹೆಡ್‌ಲೈಟಿನ ವೈರು, ಸ್ವಿಚ್ಚು ಇರುವುದು ಆ ಒಂದು ಬಲ್ಬಿನ ಲೆಕ್ಕಕ್ಕೆ. ಇನ್ನೂ 40 ವ್ಯಾಟ್ ಹೇರಿದರೆ ಸ್ವಿಚ್ಚಿನ ಒಳಗಿನ ಪಾಯಿಂಟ್ ಸುಡುತ್ತದೆ. ಬರೀ ತಿರುಚಿ ಟೇಪ್ ಸುತ್ತಿದ ಜಾಯಿಂಟಿಗೆ ನೀರು ಹೊಕ್ಕರಂತೂ ನಮ್ಮ ಕರಾವಳಿಯ ಉಪ್ಪುಗಾಳಿಗೆ ತಾಮ್ರ ಬೇಗ ಕಿಲುಬು ಹಿಡಿಯುತ್ತದೆ. ಹಳೆಯ ಕೆಲವು ಬೈಕುಗಳ ಹೆಡ್‌ಲೈಟ್ ಬ್ಯಾಟರಿಯಿಂದಲ್ಲ, ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲಿನ ಎಸಿ ಕರೆಂಟಿನಿಂದ ಉರಿಯುತ್ತದೆ. ಅಲ್ಲಿಂದ ಎಲ್‌ಇಡಿಗೆ ಕೊಟ್ಟರೆ ಮಳೆ ಇಲ್ಲದಿದ್ದರೂ ಮಿಣುಕುತ್ತದೆ.

ಬೇಕಾದದ್ದು: 12 ವೋಲ್ಟಿನ ನಾಲ್ಕು ಪಿನ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು), ಅದರ ಸಾಕೆಟ್, ನೀರು ಹೋಗದ ಫ್ಯೂಸ್ ಹೋಲ್ಡರ್, ಒಂದು ಸ್ವಿಚ್ಚು, 1.5 ಚದರ ಮಿ.ಮೀ. ವೈರು ಕೆಂಪು ಕಪ್ಪು ತಲಾ 3 ಮೀಟರ್, ಸ್ವಿಚ್ಚಿಗೆ 0.75ರ ವೈರು. ಸಿಕ್ಕರೆ ತವರ ಲೇಪಿಸಿದ ತಾಮ್ರದ ವೈರನ್ನೇ ತನ್ನಿ. ಫ್ಯೂಸ್ 5 ಆಂಪಿನದು ಸಾಕು, ಯಾಕೆಂದರೆ 40 ವ್ಯಾಟಿಗೆ 12 ವೋಲ್ಟಿನಲ್ಲಿ ಹರಿಯುವುದು 3.3 ಆಂಪ್. ಪದೇ ಪದೇ ಹೋಗುತ್ತದೆಂದು 15 ಆಂಪಿನದು ಹಾಕಿದರೆ ಫ್ಯೂಸಿನ ಬದಲು ವೈರು ಸುಡಬಹುದು.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಪಾಸಿಟಿವ್‌ನಿಂದ ಒಂದು ಗೇಣಿನೊಳಗೇ ಫ್ಯೂಸ್ ಬರಲಿ, ಅಲ್ಲಿಂದ ರಿಲೇಯ 30 ನಂಬರಿನ ಪಿನ್ನಿಗೆ (ಮುಂದಿನ 87, 86, 85 ಕೂಡ ರಿಲೇಯ ಪಿನ್ ನಂಬರುಗಳೇ). 87ರಿಂದ ಎರಡೂ ಲೈಟಿನ ಕೆಂಪು ವೈರಿಗೆ. 86ಕ್ಕೆ ಸ್ವಿಚ್ಚಿನ ಮೂಲಕ ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ವೈರು. ಎಷ್ಟೋ ಬೈಕುಗಳಲ್ಲಿ ಹಾರ್ನಿನ ಒಂದು ವೈರು ಹಾಗೇ ಇರುತ್ತದೆ, ಮೀಟರ್ ಹಿಡಿದು ನೋಡಿಕೊಳ್ಳಿ. 85 ಮತ್ತು ಲೈಟಿನ ಕಪ್ಪು ವೈರುಗಳನ್ನು ಸೀದಾ ಬ್ಯಾಟರಿಯ ನೆಗೆಟಿವ್‌ಗೇ ತನ್ನಿ. ಬಾಡಿ ಅರ್ಥ್ ಕೊಟ್ಟರೆ, ಅಂದರೆ ಕಪ್ಪು ವೈರನ್ನು ಬೈಕಿನ ಬಾಡಿಯ ಬೋಲ್ಟಿಗೆ ಕಟ್ಟಿದರೆ, ಕಾರವಾರ, ಕುಮಟಾದ ಕಡೆ ಬೋಲ್ಟಿನ ಬುಡ ತುಕ್ಕು ಹಿಡಿದು ಮತ್ತೆ ಅದೇ ಮಿಣುಕಾಟ.

ಜಾಯಿಂಟಿಗೆ ಲಗ್ (ವೈರಿನ ತುದಿಗೆ ಹಾಕುವ ಲೋಹದ ತುಂಡು) ಹಾಕಿ ಕ್ರಿಂಪ್ ಮಾಡಿ, ಅಂದರೆ ಇಕ್ಕಳದಲ್ಲಿ ಒತ್ತಿ ಬಿಗಿ ಮಾಡಿ, ಮೇಲೆ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್. ಬೆಸುಗೆ ಚೆನ್ನಾಗಿ ಕಾಣುತ್ತದೆ, ಆದರೆ ವೈರು ಅಲ್ಲಿ ಗಟ್ಟಿಯಾಗಿ, ಬೈಕಿನ ನಡುಕಕ್ಕೆ ಬೆಸುಗೆಯ ಅಂಚಿನಲ್ಲೇ ತುಂಡಾಗುತ್ತದೆ. ರಿಲೇ ಸೀಟಿನ ಕೆಳಗಿರಲಿ, ಪಿನ್ನುಗಳು ನೆಲ ನೋಡುವಂತೆ. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಿ, ವೈರು ಎಲ್ಲೂ ಬಿಗಿಯಬಾರದು. ನಿಮ್ಮ ಫ್ಯೂಸ್ ಹೋದದ್ದು ಅಲ್ಲಿ ವೈರು ಸವೆದು ಬಾಡಿಗೆ ತಾಗಿಯೂ ಇರಬಹುದು.

ಎಂಜಿನ್ ಚಾಲೂ ಇಟ್ಟು ಎಲ್ಲ ಲೈಟು ಹಾಕಿ ಬ್ಯಾಟರಿಯಲ್ಲಿ, ಲೈಟಿನ ತುದಿಯಲ್ಲಿ ವೋಲ್ಟ್ ಅಳೆಯಿರಿ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಯಾವುದೋ ಜಾಯಿಂಟ್ ಸರಿಯಿಲ್ಲ.

ಇನ್ನೊಂದು ಮಾತು: ಘಟ್ಟದ ಮಂಜಿಗೆ ಸ್ಪಾಟ್‌ಲೈಟ್ ಉಪಯೋಗವಿಲ್ಲ, ಕಣ್ಣೆದುರು ಬಿಳಿ ಗೋಡೆ ಎದ್ದ ಹಾಗಾಗುತ್ತದೆ. ಅಗಲವಾಗಿ ಹರಡುವ ಫಾಗ್ ಲೈಟನ್ನು ಹೆಡ್‌ಲೈಟಿಗಿಂತ ಕೆಳಗೆ ಕೂರಿಸಿ. ನೀವು ಬೈಕಿನ ಮೇಲೆ ಕೂತಾಗ, 10 ಮೀಟರ್ ದೂರದ ಗೋಡೆಯಲ್ಲಿ ಬೆಳಕಿನ ಮೇಲಂಚು ಲೈಟಿನ ಎತ್ತರಕ್ಕಿಂತ ಕನಿಷ್ಠ 10 ಸೆಂ.ಮೀ. ಕೆಳಗಿರಬೇಕು. ತಿರುವಿನಲ್ಲಿ ಎದುರಿಂದ ಬರುವ ಲಾರಿಯವನಿಗೆ ರಸ್ತೆಯ ಅಂಚು ಕಾಣದಿದ್ದರೆ ಅಪಾಯ ನಿಮಗೇ.

ಮಳೆಗಾಲ ಮುಗಿದ ಮೇಲೆ ರಿಲೇ ಸಾಕೆಟ್ ಬಿಚ್ಚಿ ನೋಡಿ. ಪಿನ್ ಹಸಿರಾಗಿದ್ದರೆ ಕೆರೆದು ಹಾಕಬೇಡಿ, ಹೊಸದು ಹಾಕಿ.