ಫ್ರೀವೇ (ಸಿಗ್ನಲ್ ಇಲ್ಲದ ವೇಗದ ಹೆದ್ದಾರಿ) ತೆಗೆದು ಬುಲೆವಾರ್ಡ್ (ಮರಗಳ ಸಾಲಿರುವ ಅಗಲವಾದ ನಗರ ರಸ್ತೆ) ಮಾಡುವಾಗ ಮರಗಳನ್ನು ಎಲ್ಲಿ ನೆಡಬೇಕು?

ಅಂಚಿನಲ್ಲಿ ಒಂದು ಸಾಲು ನೆಟ್ಟರೆ ಸಾಲದು. ಸ್ಯಾನ್ ಫ್ರಾನ್ಸಿಸ್ಕೋದ ಆಕ್ಟೇವಿಯಾ ಬುಲೆವಾರ್ಡ್ ನೋಡಿ. ಅಲ್ಲಿದ್ದ ಸೆಂಟ್ರಲ್ ಫ್ರೀವೇಗೆ 1989ರ ಭೂಕಂಪದಲ್ಲಿ ಪೆಟ್ಟು ಬಿತ್ತು. ಅದನ್ನು ಕೆಡವಿದ ಮೇಲೆ 2005ರಲ್ಲಿ ಈ ನೆಲಮಟ್ಟದ ರಸ್ತೆ ತೆರೆಯಿತು.

ನಡುವೆ ದೂರ ಹೋಗುವ ಗಾಡಿಗಳಿಗೆ ನಾಲ್ಕು ಲೇನ್. ಅದರ ಎರಡೂ ಪಕ್ಕ ಮರ ನೆಟ್ಟ ನೆಲದ ಪಟ್ಟಿ. ಅದರಾಚೆ, ಮನೆಗಳ ಮುಂದೆ, ಒಂದೇ ಲೇನಿನ ಸಣ್ಣ ರಸ್ತೆ, ಪಾರ್ಕಿಂಗ್, ಆಮೇಲೆ ಫುಟ್‌ಪಾತ್. ಇಡೀ ವಿನ್ಯಾಸದ ಜೀವ ಈ ಮರಗಳ ಪಟ್ಟಿಯಲ್ಲೇ ಇದೆ. ಸುಮ್ನೆ ಅಂದಕ್ಕಲ್ಲ, ವೇಗದ ಗಾಡಿಗಳನ್ನು ಮನೆಬಾಗಿಲಿನಿಂದ ದೂರ ಇಡುವುದೇ ಅದು. ಆದ್ದರಿಂದ ಜಾಗ ಕಡಿಮೆ ಬಿದ್ದರೆ ಮೊದಲು ಲೇನ್ ಕೈಬಿಡಿ, ಮರ ಕೈಬಿಡಬೇಡಿ.

ಬುಲೆವಾರ್ಡಿನ ಉತ್ತರ ತುದಿಯಲ್ಲಿ ಪೆಟ್ರೀಷಿಯಾಸ್ ಗ್ರೀನ್ ಎಂಬ ಪುಟ್ಟ ಪಾರ್ಕ್ ಇದೆ. ಸುತ್ತಲಿನ ಹೇಯ್ಸ್ ವ್ಯಾಲಿ ಬಡಾವಣೆಯ ಜನ ಅಲ್ಲಿ ಬಂದು ಕೂರುತ್ತಾರೆ, ಮಕ್ಕಳು ಆಡುತ್ತಾರೆ.